ಸ್ಕ್ರೂವಿನ ಮೇಲಿನ ಕೆಂಪು ಗೆರೆ

ಬೆಳಗಿನ ಏಳು ಗಂಟೆಗೆ ಆ ಎಕ್ಸ್‌ಕವೇಟರ್ ಮದವೇರಿದ ಆನೆ. ಹತ್ತು ಗಂಟೆ ಆಗುವಷ್ಟರಲ್ಲಿ ಅದೇ ಯಂತ್ರ ಜ್ವರದಿಂದ ಎದ್ದ ಮುದುಕನ ಹಾಗೆ ತೋಳೆತ್ತಲು ತಿಣುಕುತ್ತಿತ್ತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಹೊಗೆ ತಿಳಿ, ಸದ್ದು ಗಟ್ಟಿ. ಆದರೆ ಬಕೆಟ್ಟು ಮಣ್ಣಿಗೆ ಹಲ್ಲು ಊರಿದ ಮೇಲೆ ಒಳಕ್ಕೆ ಮಡಚಿಕೊಳ್ಳಲಾರದೆ ಅಲ್ಲೇ ನಿಂತುಬಿಡುತ್ತಿತ್ತು. ತೋಳು ಆಡಿಸುವ ಹೈಡ್ರಾಲಿಕ್ ಎಣ್ಣೆ ತಣ್ಣಗಿರುವಷ್ಟು ಹೊತ್ತು ಬಲ, ಬಿಸಿಯಾದರೆ ಸುಸ್ತು.

ಅದರ ಒಡತಿಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಕಂಡವರ ಯಂತ್ರಗಳನ್ನು ನಡೆಸಿದವಳು ಈಗ ಮೊದಲ ಸಲ ತನ್ನದೇ ಯಂತ್ರದ ಕೀಲಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಳು. ಬೇರೆಯವರು ಓಡಿಸಿ ಬಿಟ್ಟದ್ದೇ ಇರಲಿ, ತನ್ನದು. ಮೊದಲ ಕೆಲಸವೂ ಸಿಕ್ಕಿತ್ತು. ಹೊಸದಾಗಿ ಏಳುತ್ತಿದ್ದ ಆಸ್ಪತ್ರೆಯ ಹಿಂದೆ ನೀರಿನ ತೊಟ್ಟಿಗೆ ಗುಂಡಿ ತೋಡಬೇಕು. ಶನಿವಾರ ಕಾಂಕ್ರೀಟು ಬರುತ್ತದೆ. ಅವತ್ತು ಸೋಮವಾರ.

ಗುಂಡಿಯ ಅಂಚಿಗೆ ಬಂದು ನಿಂತ ಮೇಸ್ತ್ರಿ ಒಳಗೆ ಇಣುಕಿ ನೋಡಿದ. "ಏನಕ್ಕಾ, ಎಲ್ಲ ಆಫೀಸೂ ಹತ್ತು ಗಂಟೆಗೆ ಬಾಗಿಲು ತೆಗೆದ್ರೆ ನಿಮ್ಮ ಗಾಡಿ ಹತ್ತಕ್ಕೆ ಮುಚ್ಚುತ್ತಲ್ಲ!"

"ಶನಿವಾರ ಗುಂಡಿ ಸಿಗುತ್ತೆ ಮೇಸ್ತ್ರಿ."

"ಸಿಗದಿದ್ರೆ ಬೇರೆ ಗಾಡಿ ಕರೆಸ್ತೀನಿ. ಆಮೇಲೆ ಮುಖ ಊದಿಸ್ಕೋಬೇಡಿ. ಒಂದು ಸಲ ಅವರು ಬಂದ್ರೆ ಮುಂದಿನ ಕೆಲಸಕ್ಕೂ ಅವರೇ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಈ ಗುಂಡಿ ಕೈತಪ್ಪಿದರೆ ಮತ್ತೆ ಕಂಡವರ ಯಂತ್ರ, ಕಂಡವರ ಕೀಲಿ. ಅವಳು ತಮ್ಮನಿಗೆ ಫೋನು ಮಾಡಿದಳು.

ತಮ್ಮ ಮೆಕ್ಯಾನಿಕ್. ಹಳೆಯ ಯಂತ್ರಗಳನ್ನು ಕೊಂಡು ಮಾರುವ ಒಂದು ಯಾರ್ಡಿನಲ್ಲಿ ಕೆಲಸಕ್ಕಿದ್ದ. ಈ ಯಂತ್ರ ಬಂದದ್ದೂ ಅಲ್ಲಿಂದಲೇ. ಅವತ್ತು ಅಕ್ಕ ಕೊಳ್ಳುವ ಮುಂಚೆ ಅದರ ಸುತ್ತ ಮೂರು ಸುತ್ತು ಬಂದಿದ್ದಳು. ಹೊಸ ಹಳದಿ ಬಣ್ಣ ಕಣ್ಣು ಕುಕ್ಕುತ್ತಿತ್ತು. "ಬಣ್ಣ ಜಾಸ್ತಿ ಆಯ್ತು ಕಣೋ, ಮುಖಕ್ಕೆ ಪೌಡರ್ ಮೆತ್ತಿದ ಹಾಗಿದೆ," ಎಂದಿದ್ದಳು. ತಮ್ಮ ನಕ್ಕು, "ನಾನೂ ಇವತ್ತೇ ಮೊದಲ ಸಲ ನೋಡ್ತಿರೋದು ಅಕ್ಕ. ತಾಳು, ನೋಡೋಣ," ಎಂದು ಕವರು ಬಿಚ್ಚಿ, ಎಣ್ಣೆ ತಳ್ಳುವ ಪಂಪಿಗೆ ಕಿವಿಯಿಟ್ಟು, ರಬ್ಬರ್ ಹೋಸುಗಳನ್ನು ಸವರಿ, ಕೊನೆಗೆ ಕೈ ಒರೆಸಿಕೊಂಡು, "ಕಣ್ಣು ಮುಚ್ಚಿ ತಗೋ," ಎಂದಿದ್ದ. ಅವಳು ನಿಜಕ್ಕೂ ಕಣ್ಣು ಮುಚ್ಚಿಯೇ ತೆಗೆದುಕೊಂಡಿದ್ದಳು. ಅಪ್ಪ ಹೋಗಿ ಅಮ್ಮ ಕೂಲಿಗೆ ಇಳಿದ ಮೇಲೆ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ಅವಳು. ಅವನ ಮಾತಿನ ಮೇಲೆ ಇನ್ನೊಬ್ಬರನ್ನು ಕೇಳುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ ಎಂದುಕೊಂಡಿದ್ದಳು.

ಸೋಮವಾರ ಮಧ್ಯಾಹ್ನ ತಮ್ಮ ಬಂದ. ಎಣ್ಣೆಯ ಮಟ್ಟ ನೋಡಿದ, ಸರಿಯಿತ್ತು. ಫಿಲ್ಟರ್ ಬದಲಾಯಿಸಿದ. ಎಣ್ಣೆ ತಣಿಸುವ ಕೂಲರಿನ ಧೂಳನ್ನು ಗಾಳಿ ಹೊಡೆದು ತೆಗೆದ. ಟ್ಯಾಂಕಿನಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್ಪು ಬಿಗಿ ಮಾಡಿ, "ಗಾಳಿ ಎಳೀತಿತ್ತು ಅನ್ಸುತ್ತೆ. ಇನ್ನು ಸರಿ ಹೋಗುತ್ತೆ," ಎಂದ.

"ಗೇಜ್ ಹಾಕಲ್ವೇನೋ?"

ಸ್ಪಾನರುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದ ತಮ್ಮ ತಲೆ ಎತ್ತಲಿಲ್ಲ. "ಗೇಜು ಯಾರೋ ಇಸ್ಕೊಂಡು ಹೋಗಿದಾರೆ. ಬೇಕಾಗಿಲ್ಲ ಬಿಡಕ್ಕ, ಸಣ್ಣ ತೊಂದರೆ."

ಅಕ್ಕ ಆ ಪೆಟ್ಟಿಗೆಯನ್ನೇ ನೋಡಿದಳು. ಹೈಡ್ರಾಲಿಕ್ ದುರ್ಬಲ ಎಂದು ಯಾರೇ ಕರೆದರೂ ಅವನು ಮೊದಲು ಮಾಡುತ್ತಿದ್ದ ಕೆಲಸವೇ ಒತ್ತಡ ಅಳೆಯುವ ಆ ಗೇಜನ್ನು ಸಿಕ್ಕಿಸುವುದು. ಫಿಲ್ಟರ್, ಕೂಲರ್ ಎಲ್ಲ ಆಮೇಲೆ. ಅದನ್ನು ಹೊರಗೆ ಕೊಟ್ಟವನೂ ಅಲ್ಲ. ತನ್ನ ಹಲ್ಲುಜ್ಜುವ ಬ್ರಷ್ಷನ್ನಾದರೂ ಕೊಟ್ಟಾನು, ಗೇಜನ್ನು ಕೊಡುವವನಲ್ಲ. ಅವಳು ಚಹಾ ಕೊಟ್ಟು ಕಳಿಸಿದಳು.

ಮಂಗಳವಾರ ಹತ್ತು ಗಂಟೆಗೆ ಯಂತ್ರ ಮತ್ತೆ ಸೋತಿತು.

ಅದೇ ಜಾಗದಲ್ಲಿ ಕ್ರೇನ್ ನಡೆಸುತ್ತಿದ್ದವನಿಗೆ ಮೀಸೆ ಎಂದು ಹೆಸರಾಗಿತ್ತು. ಮೀಸೆ ಬೋಳಿಸಿ ಎಂಟು ವರ್ಷವಾಗಿದ್ದರೂ ಹೆಸರು ಉಳಿದಿತ್ತು. ಅವನ ಬಳಿ ಗೇಜು ಇತ್ತು. "ತಮ್ಮ ಮೆಕ್ಯಾನಿಕ್ ಇಟ್ಕೊಂಡು ನನ್ನ ಹತ್ರ ಬಂದಿದೀಯಲ್ಲಕ್ಕ," ಎಂದು ಕೆಣಕಿದವನು ಅವಳ ಮುಖ ನೋಡಿ ಗೇಜು ತರಲು ಎದ್ದ.

ಇಬ್ಬರೂ ಸೇರಿ ಅಳೆದರು. ಬಿಸಿ ಯಂತ್ರದಲ್ಲಿ ಮುಳ್ಳು ಇರಬೇಕಾದ ಒತ್ತಡದ ಅರ್ಧಕ್ಕಿಂತ ಸ್ವಲ್ಪ ಮೇಲೆ ಹೋಗಿ ನಡುಗುತ್ತ ನಿಂತಿತು. ಮೀಸೆ ಇನ್ನೊಂದು ಉಪಾಯ ಹೇಳಿದ. ಪಂಪಿನ ಒಳಗೆ ಸೋರಿದ ಎಣ್ಣೆ ಟ್ಯಾಂಕಿಗೆ ವಾಪಸು ಹೋಗುವ ಸಣ್ಣ ಹೋಸನ್ನು ಬಿಚ್ಚಿ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಬಿಟ್ಟರು. ಆರೋಗ್ಯವಂತ ಪಂಪಾದರೆ ನಿಮಿಷಕ್ಕೆ ಒಂದೆರಡು ಚೊಂಬು ಎಣ್ಣೆ ಬರಬೇಕು. ಇಲ್ಲಿ ನಿಮಿಷ ಮುಗಿಯುವ ಮುಂಚೆ ಬಕೆಟ್ಟೇ ತುಂಬಿತು. ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಮಿನುಗುತ್ತಿತ್ತು.

"ಪಂಪು ಹೊಟ್ಟೆಯೊಳಗೇ ಸವೆದು ಹೋಗಿದೆ," ಎಂದ ಮೀಸೆ. "ಮೊನ್ನೆ ಮೊನ್ನೆ ಆದದ್ದಲ್ಲ ಇದು."

"ಹಂಗಾದ್ರೆ ಬೆಳಿಗ್ಗೆ ಅಷ್ಟು ಬಲ ಎಲ್ಲಿಂದ?"

"ಯಾರೋ ರಿಲೀಫ್ ವಾಲ್ವ್ ಬಿಗಿದಿರಬೇಕು."

ಒತ್ತಡ ಮಿತಿ ಮೀರದಂತೆ ಕಾಯುವುದು ಆ ವಾಲ್ವಿನ ಕೆಲಸ. ಅದರ ಸ್ಕ್ರೂ ಒಳಕ್ಕೆ ತಿರುಗಿಸಿದರೆ, ಎಣ್ಣೆ ತಣ್ಣಗೆ ದಪ್ಪಗಿರುವಾಗ ಸವೆದ ಪಂಪೂ ಪೈಲ್ವಾನನ ಹಾಗೆ ಕಾಣುತ್ತದೆ, ಕೊಳ್ಳುವವರು ಬೆಳಿಗ್ಗೆ ಬಂದು ನೋಡಿ ಹೋಗುವಷ್ಟು ಹೊತ್ತು. ಅಕ್ಕ ಕವರು ತೆಗೆದು ಟಾರ್ಚು ಹಿಡಿದಳು. ವಾಲ್ವಿನ ಮೇಲೂ ಹಳದಿ ಬಣ್ಣ ಕೂತಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು. ಬಣ್ಣ ಸುಲಿದು ಬಂತು.

ಅಡಿಯಲ್ಲಿ ಕೆಂಪು ಕಾಣಿಸಿತು.

ಅದು ಉಗುರಿಗೆ ಹಚ್ಚುವ ಬಣ್ಣ. ಕೆಲಸ ಕಲಿಯುವ ಕಾಲದಲ್ಲಿ ತಮ್ಮ ಒಂದು ದಿನ ಸ್ಕ್ರೂ ತಿರುಗಿಸಿ, ಮೊದಲು ಎಲ್ಲಿತ್ತೆಂದು ಮರೆತು, ಎಲ್ಲರೆದುರು ಬೈಸಿಕೊಂಡು ಮನೆಗೆ ಬಂದಿದ್ದ. ಅವತ್ತು ಅವಳೇ ತನ್ನ ಬಣ್ಣದ ಬಾಟಲಿಯನ್ನು ಅವನ ಕೈಗಿಟ್ಟು, "ತಿರುಗಿಸೋ ಮುಂಚೆ ಸ್ಕ್ರೂ ಮೇಲಿಂದ ಬುಡದವರೆಗೂ ಒಂದು ಗೆರೆ ಎಳಿ. ಎಷ್ಟು ತಿರುಗಿಸಿದ್ರೂ ವಾಪಸ್ ಬರೋ ದಾರಿ ಗೊತ್ತಿರುತ್ತೆ," ಎಂದಿದ್ದಳು. ಅಂದಿನಿಂದ ಅವನು ಗೆರೆ ಎಳೆಯದೆ ಯಾವ ಸ್ಕ್ರೂವನ್ನೂ ಮುಟ್ಟಿರಲಿಲ್ಲ. ಬೇರೆ ಮೆಕ್ಯಾನಿಕ್ಕುಗಳು ನಕ್ಕರೂ ಬಿಟ್ಟಿರಲಿಲ್ಲ. ಅಂಥ ಗೆರೆ ಎಳೆಯುವವನು ಅವನೊಬ್ಬನೇ.

ಬುಡದ ಮೇಲಿನ ಗೆರೆ ಎಂಜಿನ್ನಿನ ಕಡೆ ಮುಖ ಮಾಡಿತ್ತು. ಸ್ಕ್ರೂವಿನ ಮೇಲಿನ ಗೆರೆ ಕ್ಯಾಬಿನ್ನಿನ ಕಡೆ ತಿರುಗಿ ನಿಂತಿತ್ತು. ಎರಡರ ಮೇಲೂ ಹಳದಿ ಬಣ್ಣ. ಅಂದರೆ ಬಣ್ಣ ಹೊಡೆಯುವ ಮುಂಚೆಯೇ ಅವನ ಕೈ ಇಲ್ಲಿಗೆ ಬಂದಿತ್ತು. "ನಾನೂ ಇವತ್ತೇ ಮೊದಲ ಸಲ ನೋಡ್ತಿರೋದು." ಮೋಸ ಮಾಡುವಾಗಲೂ ಅವಳು ಕಲಿಸಿದ ಪಾಠವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ.

ಮೀಸೆ ಪಕ್ಕದಲ್ಲೇ ನಿಂತಿದ್ದ. ಅವನಿಗೂ ಅರ್ಥವಾಗಿತ್ತು. "ಚಹಾ ತರ್ತೀನಿ," ಎಂದು ಹೇಳಿ ಹೋದವನು ಬಹಳ ಹೊತ್ತು ಬರಲಿಲ್ಲ.

ಸಂಜೆ ತಮ್ಮನನ್ನು ಮತ್ತೆ ಕರೆಸಿದಳು. ಬಯ್ಯಲಿಲ್ಲ. ಟಾರ್ಚಿನ ಬೆಳಕನ್ನು ಗೆರೆಯ ಮೇಲೆ ಬಿಟ್ಟಳು. ಅವನು ನೋಡಿದ.

"ಬೇರೆ ಯಾರಿಗೋ ಅಂತ ಮಾಡಿದ್ದೆ ಅಕ್ಕ. ಅವರು ತಗೊಳ್ಳಲಿಲ್ಲ. ಆಮೇಲೆ ನೀನು ಬಂದೆ."

"ನಾನು ಬರಲಿಲ್ಲ ಕಣೋ. ನೀನು ಕರ್ಕೊಂಡು ಹೋದೆ."

ಅವನು ನೆಲ ನೋಡಿದ. ಆಮೇಲೆ ಮಾತು ಒಡೆದ ಹೋಸಿನ ಎಣ್ಣೆಯಂತೆ ಹೊರಬಂತು. ಎರಡು ವರ್ಷದಿಂದ ಬಿದ್ದಿದ್ದ ಈ ಯಂತ್ರವನ್ನು ದಾಟಿಸಿದರೆ ಇಡೀ ವರ್ಕ್‌ಶಾಪಿಗೆ ಅವನನ್ನೇ ಮುಖ್ಯಸ್ಥನನ್ನಾಗಿ ಮಾಡುತ್ತೇನೆಂದು ಯಾರ್ಡಿನ ಯಜಮಾನ ಹೇಳಿದ್ದ. "ಆರು ತಿಂಗಳಲ್ಲಿ ಒಳ್ಳೆ ಪಂಪು ಸಿಕ್ಕಿದ್ರೆ ನಾನೇ ತಂದು ಹಾಕ್ತಿದ್ದೆ. ನಿನಗೆ ಗೊತ್ತೇ ಆಗ್ತಿರಲಿಲ್ಲ."

"ಅದೇ ನೋಡು ನನಗೆ ಚುಚ್ತಿರೋದು," ಎಂದಳು ಅಕ್ಕ. "ಗೊತ್ತೇ ಆಗ್ತಿರಲಿಲ್ಲ. ನೀನು ಭಾನುವಾರ ಬಂದು ಪಕ್ಕದಲ್ಲಿ ಕೂತು ಊಟ ಮಾಡ್ತಿದ್ದೆ. ನಾನು ಬಡಿಸ್ತಿದ್ದೆ."

ಅವನ ಕಣ್ಣು ತುಂಬಿತು. ಅವಳಿಗೆ ಅದನ್ನು ಒರೆಸಬೇಕೆನಿಸಲಿಲ್ಲ. ಹಾಗೆ ಅನಿಸದೇ ಇದ್ದದ್ದು ಇದೇ ಮೊದಲ ಸಲ. ಸ್ಪಾನರ್ ಅವನ ಕೈಗೆ ಕೊಟ್ಟು, "ಗೆರೆಗೆ ಗೆರೆ ಕೂಡಿಸು," ಎಂದಳು. ಅವನು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದ. ಎರಡು ಗೆರೆಗಳೂ ಒಂದಾದವು. ಈಗ ಯಂತ್ರ ಬೆಳಿಗ್ಗೆಯೂ ಸುಳ್ಳು ಹೇಳುವಂತಿರಲಿಲ್ಲ.

ಬುಧವಾರ ಅಕ್ಕ ಗುಂಡಿಗೆ ಇಳಿಯಲಿಲ್ಲ. ಕಾಲುವೆಯ ಪಕ್ಕದ ಮಣ್ಣುದಾರಿಯಲ್ಲಿ ಯಂತ್ರವನ್ನು ತೆವಳಿಸಿಕೊಂಡು ಯಾರ್ಡಿನತ್ತ ಹೊರಟಳು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಣ್ಣೆ ಕೈಯಿಟ್ಟರೆ ಸುಡುವಷ್ಟು ಕಾದಿತ್ತು. ಯಾರ್ಡಿನ ಬಾಗಿಲಿಗೆ ರಸ್ತೆಯಿಂದ ಒಂದು ಏರು. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಅದೊಂದೇ ದಾರಿ. ಏರಿನ ನಡುವೆ ಯಂತ್ರ ಗುರುಗುಟ್ಟಿತು, ಒಂದು ಗೇಣು ಮುಂದೆ ಹೋಯಿತು, ನಿಂತಿತು. ಅಕ್ಕ ಬಕೆಟ್ಟನ್ನು ನೆಲಕ್ಕೆ ಊರಿ, ಎಂಜಿನ್ ಆರಿಸಿ, ಕೀಲಿಯನ್ನು ಕೊರಳಿಗೆ ಹಾಕಿಕೊಂಡು ಊಟದ ಡಬ್ಬಿ ಬಿಚ್ಚಿದಳು.

ಯಜಮಾನ ಓಡಿಬಂದ. ಅವನ ಹಿಂದೆ ಯಂತ್ರ ಕೊಳ್ಳಲು ಬಂದಿದ್ದ ಇಬ್ಬರು.

"ಏನಮ್ಮ ಇದು? ದಾರಿ ಬಿಡು!"

"ನಾನೆಲ್ಲಿ ತಡೆದೆ ಯಜಮಾನ್ರೇ? ನೀವು ಮಾರಿದ ಗಾಡಿ ತಡೀತಿದೆ. ತಳ್ಳಿ ನೋಡಿ. ಇಪ್ಪತ್ತೇ ಟನ್."

ಕೊಳ್ಳಲು ಬಂದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. "ಇದೂ ಇಲ್ಲಿಂದಲೇ ತಗೊಂಡಿದ್ದಾ?" ಎಂದು ಇನ್ನೊಬ್ಬ ಕೇಳಿದ.

"ಇಲ್ಲಿಂದಲೇ. ಬೆಳಿಗ್ಗೆ ಏಳಕ್ಕೆ ನೋಡಿ ತಗೊಂಡೆ. ನೀವು ಮಧ್ಯಾಹ್ನ ನೋಡಿ," ಎಂದಳು ಅಕ್ಕ, ತುತ್ತು ನುಂಗಿ.

ಯಜಮಾನನ ಮುಖ ಬಾಡಿತು. ವರ್ಕ್‌ಶಾಪಿನಿಂದ ಹೊರಬಂದ ತಮ್ಮ ಏರಿನ ತಲೆಯಲ್ಲಿ ನಿಂತಿದ್ದ. ಅವನು ಅಕ್ಕನನ್ನು ನೋಡಿದ, ಯಜಮಾನನನ್ನು ನೋಡಿದ. "ಹಿಂದುಗಡೆ ಆಕ್ಸಿಡೆಂಟ್ ಆದ ಗಾಡಿ ಇದೆಯಲ್ಲ, ಅದರ ಪಂಪು ಚೆನ್ನಾಗಿದೆ. ಇದಕ್ಕೆ ಕೂರುತ್ತೆ," ಎಂದ, ಎಲ್ಲರಿಗೂ ಕೇಳುವ ಹಾಗೆ.

"ನಿನ್ನನ್ನ ಕೇಳಿದ್ರಾ ಯಾರಾದ್ರೂ?" ಯಜಮಾನ ಗದರಿದ.

"ಇಲ್ಲ. ನಾನೇ ಹೇಳ್ತಿದೀನಿ. ಸ್ಕ್ರೂ ಬಿಗಿದಿದ್ದೂ ನಾನೇ, ಅದನ್ನೂ ಹೇಳಲಾ?"

ವರ್ಕ್‌ಶಾಪಿನ ಮುಖ್ಯಸ್ಥನ ಕೆಲಸ ಅಲ್ಲಿಗೇ ಮುಗಿಯಿತು. ಅದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಸಂಜೆಯೊಳಗೆ ಪಂಪು ಬಿಚ್ಚಿ ತಂದರು.

ಗುರುವಾರ ಇಡೀ ದಿನ ಏರಿನ ಮೇಲೆಯೇ ತಮ್ಮನೇ ಪಂಪು ಕೂರಿಸಿದ. ಟ್ಯಾಂಕು ತೊಳೆದು, ಹಿತ್ತಾಳೆ ಪುಡಿ ಉಳಿಯದಂತೆ ಹೋಸುಗಳನ್ನೆಲ್ಲ ಜಾಲಿಸಿ, ಹೊಸ ಎಣ್ಣೆ ತುಂಬಿದ. ಅಕ್ಕ ಬೇಕಾದ ಸ್ಪಾನರನ್ನು ಅವನು ಕೇಳುವ ಮುಂಚೆಯೇ ಕೊಡುತ್ತಿದ್ದಳು. ಅವರಿಬ್ಬರೂ ಹಾಗೆಯೇ ಕೆಲಸ ಮಾಡಿ ಬೆಳೆದವರು. ಮಾತು ಮಾತ್ರ ಇರಲಿಲ್ಲ. ಸಂಜೆ ಅವನು ತನ್ನ ಪೆಟ್ಟಿಗೆಯ ತಳದಿಂದ ಗೇಜನ್ನು ತೆಗೆದ. ಯಾರೂ ಇಸಿದುಕೊಂಡು ಹೋಗಿರಲಿಲ್ಲ. ಎಣ್ಣೆ ಚೆನ್ನಾಗಿ ಕಾಯುವವರೆಗೆ ಯಂತ್ರ ಓಡಿಸಿ ನೋಡಿದರು. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ಅಲುಗದೆ ನಿಂತಿತು.

ಹಳೆಯ ಗೆರೆಯನ್ನು ತಮ್ಮ ಒರೆಸಿ, ಜೇಬಿನಿಂದ ಕೆಂಪು ಬಾಟಲಿ ತೆಗೆದು ಮುಚ್ಚಳ ತಿರುಗಿಸಿದ. ಅಕ್ಕ ಕೈ ಚಾಚಿದಳು. ಅವನು ಬಾಟಲಿಯನ್ನು ಅವಳ ಅಂಗೈಯಲ್ಲಿಟ್ಟ. ಅವಳು ಬಗ್ಗಿ, ಸ್ಕ್ರೂವಿನ ತಲೆಯಿಂದ ಬುಡದವರೆಗೆ ತಾನೇ ಗೆರೆ ಎಳೆದಳು.

"ಗೇಜು ಇಲ್ಲೇ ಬಿಟ್ಟು ಹೋಗು," ಎಂದಳು.

"ಮುಂದಿನ ತಿಂಗಳು ಸರ್ವಿಸಿಗೆ ಬರ್ತೀನಲ್ಲ ಅಕ್ಕ, ಆವಾಗ..."

"ಸರ್ವಿಸಿಗೆ ಮೀಸೆ ಬರ್ತಾನೆ. ನೀನು ಭಾನುವಾರ ಊಟಕ್ಕೆ ಬಾ. ಅಮ್ಮ ಕೇಳ್ತಿದ್ದಳು. ಅವಳಿಗೆ ನಾನೇನೂ ಹೇಳಿಲ್ಲ."

ಅವನು ಪೆಟ್ಟಿಗೆ ಎತ್ತಿಕೊಂಡು ಏರಿನ ಕೆಳಕ್ಕೆ ನಡೆದ. ಯಾರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ರಾತ್ರಿಯೇ ಅಕ್ಕ ಯಂತ್ರವನ್ನು ಆಸ್ಪತ್ರೆಯ ಹಿಂದಕ್ಕೆ ತಂದಳು.

ಶುಕ್ರವಾರ ಬೆಳಗಿನಿಂದ ಬೆಳಕು ಇಳಿಯುವವರೆಗೆ, ಶನಿವಾರ ಕಾಂಕ್ರೀಟಿನ ಲಾರಿ ಬರುವ ಗಳಿಗೆಯವರೆಗೂ ಯಂತ್ರ ಒಂದು ಸಲವೂ ಸೋಲಲಿಲ್ಲ. ಗುಂಡಿಯ ತಳ ಸಿಕ್ಕಿತು. "ಪಕ್ಕದಲ್ಲಿ ಇನ್ನೊಂದು ಗುಂಡಿ ಇದೆ, ಸೋಮವಾರ ಬಂದುಬಿಡಿ," ಎಂದ ಮೇಸ್ತ್ರಿ, ಏನೂ ಆಗೇ ಇಲ್ಲದವನ ಹಾಗೆ.

ಸೋಮವಾರ ಅಕ್ಕ ಬಂದಳು. ಹತ್ತೊಂಬತ್ತು ವರ್ಷ ಅವಳು ಬೆಳಿಗ್ಗೆ ಬಂದವಳೇ ನೇರ ಕ್ಯಾಬಿನ್ ಹತ್ತಿ ಕೂರುತ್ತಿದ್ದಳು. ಕವರಿನ ಒಳಗಿನದು ಮೆಕ್ಯಾನಿಕ್ಕುಗಳ ಜಾಗ, ಈ ಯಂತ್ರದಲ್ಲಾದರೆ ತಮ್ಮನದು. ಅವತ್ತು ಮೊದಲು ಕವರು ಬಿಚ್ಚಿ, ಟಾರ್ಚು ಬಿಟ್ಟು, ಗೆರೆ ನೋಡಿದಳು. ಸ್ಕ್ರೂವಿನದೂ ಬುಡದ್ದೂ ಕೂಡಿಯೇ ಇತ್ತು. ಮುಟ್ಟಿದವರು ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ಬೆರಳಿನಿಂದ ಒಂದು ಸಲ ಸವರಿ, ಕವರು ಹಾಕಿ, ಆಮೇಲೆ ಹತ್ತಿ ಕುಳಿತಳು.