ಸೊಸೆ ಬಿಚ್ಚಿದ ಗಿಟಾರ್

ಮೊಣಕಾಲಿನ ಆಪರೇಷನ್ ಆದ ಮೇಲೆ ಮಾವ ಮಗ-ಸೊಸೆಯ ಮನೆಗೆ ಬಂದರು. ಜೊತೆಗೆ ಬಂದದ್ದು ಒಂದು ಸೂಟ್‌ಕೇಸ್, ಒಂದು ಎಲೆಕ್ಟ್ರಿಕ್ ಗಿಟಾರ್, ಸ್ಟೂಲಿನಷ್ಟು ಎತ್ತರದ ಆಂಪ್ಲಿಫೈಯರ್. ಹರೆಯದಿಂದ ನಿವೃತ್ತಿಯವರೆಗೂ ಪ್ರಯಾಣಿಕರ ಹಡಗಿನ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ ಮನುಷ್ಯ. ಮಗನ ಬಾಲ್ಯದಲ್ಲಿ ಅವರು ಮನೆಯಲ್ಲಿದ್ದದ್ದಕ್ಕಿಂತ ನೀರಿನ ಮೇಲಿದ್ದದ್ದೇ ಹೆಚ್ಚು.

ಸೊಸೆ ಲಿಫ್ಟ್ ಮೆಕ್ಯಾನಿಕ್. ಅವಳಿಗೆ ಅರೆತಲೆನೋವಿನ ಕಾಟ. ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ಮಾವ ಹಾಲ್‌ನಲ್ಲಿ ಕೂತು ಜೋರಾಗಿ ಏನೋ ಅಭ್ಯಾಸ ಮಾಡುತ್ತಿದ್ದರು. ಗಾಜಿನ ಮೇಲೆ ಮೊಳೆ ಎಳೆದಂತೆ ಅವಳ ಹಣೆಯೊಳಗೆ ಏನೋ ಸೀಳಿತು. ಮಾತಾಡದೆ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ದಿಂಬನ್ನು ಕಿವಿಗೆ ಒತ್ತಿಕೊಂಡು ಮಲಗಿದಳು.

ಮರುದಿನದಿಂದ ಗಿಟಾರ್ ಮಂಚದ ಕೆಳಗೆ ಸೇರಿತು. ಮಾವ ನಲ್ಲಿಯನ್ನೂ ಸದ್ದಾಗದಂತೆ ತಿರುಗಿಸತೊಡಗಿದರು. ಸೊಸೆಗೆ ಮೊದಮೊದಲು ಹಾಯೆನಿಸಿತು. ಆಮೇಲೆ ಗಮನಿಸಿದಳು: ತಟ್ಟೆಯ ಮುಂದೆ ಕೂತ ಮಾವನ ಎಡಗೈ ಬೆರಳುಗಳು ಟೇಬಲ್ಲಿನ ಅಂಚಿನ ಮೇಲೆ ತಮ್ಮಷ್ಟಕ್ಕೆ ಓಡಾಡುತ್ತಿದ್ದವು.

"ಅಪ್ಪ ಯಾಕೋ ಸಪ್ಪಗಿದ್ದಾರೆ. ಮೊಣಕಾಲು ನೋವಿರಬೇಕು," ಎಂದ ಗಂಡ. ನೋವು ಮೊಣಕಾಲಿನದಲ್ಲವೆಂದು ಅವಳಿಗೆ ಗೊತ್ತಿತ್ತು.

ರಜೆಯ ದಿನ ಬೆಳಿಗ್ಗೆ ಗಂಡ ಅಂಗಡಿಗೆ ಹೋದಾಗ ಕೇಳಿಯೇಬಿಟ್ಟಳು. "ಮಾವ, ಗಿಟಾರ್ ಯಾಕೆ ಮುಟ್ಟಲ್ಲ ನೀವು?"

"ಬೆರಳು ಬಿಗಿದುಕೊಂಡಿವೆಯಮ್ಮ."

"ಊಟದ ಟೇಬಲ್ ಮೇಲೆ ಚೆನ್ನಾಗೇ ಓಡ್ತವಲ್ಲ!"

ಸಿಕ್ಕಿಬಿದ್ದ ಮಾವ ನಕ್ಕರು. "ನಿನ್ನ ಅವಸ್ಥೆ ನೋಡಿದೆನಲ್ಲ. ಮನೆ ನಿಂದು ತಾಯಿ."

"ನಮ್ಮದು. ಹೇಳಬೇಕಿತ್ತು ನಾನು, ಬಾಗಿಲು ಹಾಕಿಕೊಂಡೆ. ತನ್ನಿ ಅದನ್ನ. ಯಾವ ಸದ್ದು ನನ್ನ ತಲೆ ತಿನ್ನುತ್ತೆ ನೋಡೋಣ."

ತಂತಿಗಳ ಕೆಳಗೆ ಸದ್ದು ಹಿಡಿಯುವ ಪಿಕಪ್‌ಗಳು ಮೂರಿದ್ದವು. ಮಾವ ಸ್ವಿಚ್ ತಿರುಗಿಸುತ್ತಾ ಒಂದೊಂದರಲ್ಲೂ ನುಡಿಸಿದರು. ಗಿಟಾರಿನ ಕತ್ತಿನ ಹತ್ತಿರದ್ದರ ಸದ್ದು ಬೆಣ್ಣೆ. ನಡುವಿನದೂ ಪರವಾಗಿಲ್ಲ. ಕೊನೆಯದಕ್ಕೆ ಬಂದಾಗ ಅವಳು ಹಲ್ಲು ಕಚ್ಚಿದಳು.

"ಇದೇ! ಟೋನ್ ಇಳಿಸಿ ಇದರದ್ದು."

"ಇದಕ್ಕೆ ಕೀಚಲು ತಗ್ಗಿಸೋ ಟೋನ್ ಗುಂಡಿ ಇಲ್ಲಮ್ಮ. ಇರೋ ಎರಡು ಗುಂಡಿ ಆ ಎರಡಕ್ಕೆ. ಇದೊಂದಕ್ಕೆ ಹೇಳೋರು ಕೇಳೋರು ಯಾರೂ ಇಲ್ಲ."

"ಇಷ್ಟು ವರ್ಷ ಹೀಗೇ ನುಡಿಸಿದ್ರಾ?"

"ಹಡಗಿನ ಇಂಜಿನ್ ಸದ್ದನ್ನೂ ಮೀರಿ ಕೇಳಿಸಬೇಕಿತ್ತಲ್ಲ!"

"ಬಿಚ್ಚಲಾ?"

ಮಾವ ಗಿಟಾರನ್ನು ಎದೆಗವಚಿಕೊಂಡರು. "ಮತ್ತೆ ಕೂಡದಿದ್ರೆ?"

"ಇಡೀ ಲಿಫ್ಟ್ ಬಿಚ್ಚಿ ಕೂಡಿಸ್ತೀನಿ ಮಾವ."

"ಲಿಫ್ಟ್ ಹಾಡಲ್ಲಮ್ಮ," ಎಂದರೂ ಕೊಟ್ಟರು.

ತಂತಿಗಳನ್ನು ಸಡಿಲಿಸಿ, ಸ್ಕ್ರೂ ತೆಗೆದು, ಪಿಕಪ್ ಕೂರಿಸಿದ್ದ ಬಿಳಿಯ ಫಲಕವನ್ನು ಟವೆಲಿನ ಮೇಲೆ ಮಗುಚಿದಳು. ನಡುವಿನ ಪಿಕಪ್‌ಗೆ ಹೋಗಿದ್ದ ಟೋನ್ ಗುಂಡಿಯ ವೈರನ್ನು ಕಳಚಿ, ಕೊನೆಯ ಪಿಕಪ್ಪಿಗೆ ಬೆಸೆದಳು. ಎಲ್ಲ ಜೋಡಿಸಿ ಆಂಪ್ಲಿಫೈಯರ್ ಹಚ್ಚಿದರೆ ಸೊಲ್ಲೇ ಇಲ್ಲ.

ಮಾವನ ಮುಖ ಬಿಳಿಚಿತು. ಅವಳು ಮತ್ತೆ ಬಿಚ್ಚಿದಳು. ಫಲಕ ಎತ್ತುವಾಗ ಅರ್ಥ್ ವೈರ್ ಕಿತ್ತುಬಂದಿತ್ತು, ಅಷ್ಟೆ. ಬೆಸೆದ ಮೇಲೆ ಸದ್ದು ಬಂತು. ಆದರೆ ಗುಂಡಿ ಇಳಿಸಿದರೆ ಗಿಟಾರ್ ಮುಸುಕು ಹೊದ್ದು ಗೊಣಗಿದಂತಿತ್ತು.

"ಜೀವಾನೇ ಹೋಯ್ತಲ್ಲಮ್ಮ."

"ಗುಂಡಿಗೆ ಅಂಟಿರೋ ಈ ಕೆಪಾಸಿಟರ್ ದೊಡ್ಡದಾಯ್ತು. ಕೀಚಲನ್ನಷ್ಟೇ ಅಲ್ಲ, ಎಲ್ಲಾನೂ ನುಂಗ್ತಿದೆ. ಚಿಕ್ಕದು ಹಾಕೋಣ."

ತನ್ನ ಡಬ್ಬಿಯಿಂದ ಒಂದೊಂದೇ ಕೆಪಾಸಿಟರ್ ತೆಗೆದು ಕ್ಲಿಪ್ಪಿನಲ್ಲಿ ಸಿಕ್ಕಿಸಿದಳು. ಮಾವ ನುಡಿಸುವುದು, ಅವಳು ಗುಂಡಿ ತಿರುಗಿಸುವುದು.

"ಇನ್ನೂ ಚೂರು ಇಳಿಸ್ತೀನಿ."

"ಸಾಕು ಬಿಡಮ್ಮ, ನಿದ್ದೆ ಹೋಗುತ್ತೆ ಇದು!"

ಕೊನೆಗೆ ಬಟಾಣಿಯಷ್ಟು ಪುಟ್ಟದೊಂದು ಇಬ್ಬರಿಗೂ ಒಪ್ಪಿತು. ಅದನ್ನೇ ಬೆಸೆದಳು. ಮಾವ ಗುಂಡಿಯನ್ನು ಅರ್ಧಕ್ಕಿಳಿಸಿ ಒಂದು ನಿಧಾನದ ರಾಗ ತೆಗೆದರು. ಸದ್ದಿನ ಹರಿತ ಹಾಗೆಯೇ ಇತ್ತು, ಚುಚ್ಚುವುದು ನಿಂತಿತ್ತು. ಅವಳು ಕಣ್ಣು ಮುಚ್ಚಿ ಗೋಡೆಗೊರಗಿದಳು. ಹಣೆಯಲ್ಲಿ ಏನೂ ಆಗಲಿಲ್ಲ.

ನುಡಿಸಿ ಮುಗಿಸಿದ ಮಾವ ತಂತಿಗಳ ಮೇಲೆ ಅಂಗೈಯಿಟ್ಟರು. "ಹಡಗಲ್ಲಿ ಜನ ತಿಂತಾ ಕೂತಿರೋರು. ಹೀಗೆ ಒಂದೊಂದು ಸ್ವರ ಹಿಡಿದು ಯಾರೂ ಕೇಳಿದ್ದಿಲ್ಲ ನೋಡು," ಎಂದರು.

ಚೀಲ ಹಿಡಿದು ಬಂದ ಮಗ ಬಾಗಿಲಲ್ಲೇ ನಿಂತಿದ್ದ. "ಇನ್ನೊಂದು ಸಲ ನುಡಿಸಿ ಅಪ್ಪ," ಎಂದು ಚಪ್ಪಲಿಯನ್ನೂ ಬಿಡದೆ ನೆಲದ ಮೇಲೆ ಕೂತ.

ತಲೆನೋವು ಅವಳನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಬಂದ ದಿನ "ಇವತ್ತು ಬೇಡ ಮಾವ" ಎನ್ನುತ್ತಾಳೆ. ಮಾವ ಮುಖ ಸಣ್ಣದು ಮಾಡದೆ ಎತ್ತಿಡುತ್ತಾರೆ. ಉಳಿದ ದಿನ ಅವಳೇ ಕೇಳಿ ನುಡಿಸಿಕೊಳ್ಳುತ್ತಾಳೆ. ಮೊನ್ನೆ ಹಿಂದಿನ ಬೀದಿಯ ಡಾನ್ಸ್ ಶಾಲೆಯವರು ಗಿಟಾರಿಸ್ಟ್ ಬೇಕೆಂದಾಗ ಮಾವ ಕೋಲೂರಿಕೊಂಡು ಮುಂದೆ ಹೊರಟರು. ಆಂಪ್ಲಿಫೈಯರ್ ಹೊತ್ತು ಹಿಂದೆ ಮಗ.

"ನಿಧಾನ ಕಣೋ, ಬೀಳಿಸ್ಬೇಡ," ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದರು.