ಕುಂತ ದೇವರಿಗೆ ಬೀಗ

"ದೇವಸ್ಥಾನನಾ, ಮಸೀದಿನಾ? ಎರಡ್ರಲ್ಲಿ ಒಂದು ಬೊಗಳು."

ಸಬ್ ಇನ್‌ಸ್ಪೆಕ್ಟರು ಲಾಠಿಯ ತುದಿಯನ್ನು ತಗಡಿನ ಬಾಗಿಲಿಗೆ ಒತ್ತಿ ನಿಂತಿದ್ದ. ಅಂಗಳ ಗುಡಿಸುತ್ತಿದ್ದ ಸಿದ್ದಕ್ಕನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಅಲಾಯಿ ದೇವ್ರುರಿ ಸಾಹೇಬ್ರ. ಮೊಹರಮ್ಮಿಗಿ ಕೂಡಿಸೀವ್ರಿ."

"ಅಂದ್ರೆ ಸಾಬ್ರುದು."

"ಎಲ್ಲಾರದೂರಿ."

"ನಿಂದ್ಯಾವ ಜಾತಿ?"

"ಮಾದರ್ರಿ."

"ನಿಮಗೂ ಸಾಬ್ರ ದೇವ್ರಿಗೂ ಏನೇ ಸಂಬಂಧ?"

"ಸಕ್ರೆ ಅಂಚ್ತಾರಲ್ಲ ಸಾರ್, ಅದ್ಕೆ," ಎಂದು ಹಿಂದಿನಿಂದ ಆಂಜಿನಪ್ಪ ನಕ್ಕ. ಪಟ್ಟಂದೂರು ಅಗ್ರಹಾರದ ಈ ಜಾಗ, ಐಟಿ ಪಾರ್ಕಿನ ಹಿಂಗೋಡೆಗೆ ಒತ್ತಿಕೊಂಡ ಈ ತಗಡಿನ ಶೆಡ್ಡುಗಳ ಸಾಲು, ಎಲ್ಲ ಅವನದೇ. ಬಾಡಿಗೆಗಿದ್ದವರೆಲ್ಲ ಯಾದಗಿರಿ ಕಡೆಯವರು, ಕಟ್ಟಡದ ಕೆಲಸದವರು. ಮೂಲೆಯ ಶೆಡ್ಡಿನಲ್ಲಿ, ಗಾರೆ ಕೆಲಸದ ಮುದುಕ ಗೌಂಡಿ ಲಾಲಸಾಬ ಊರಿನಿಂದ ಗೋಣಿಚೀಲದಲ್ಲಿ ತಂದ ಹಿತ್ತಾಳೆಯ ಹಸ್ತಗಳಿಗೆ ಎಲ್ಲರೂ ಸೇರಿ ರೇಷ್ಮೆ ಬಟ್ಟೆ ಸುತ್ತಿ ಸಾಲಾಗಿ ನಿಲ್ಲಿಸಿದ್ದರು. ಊರಲ್ಲಿ ಇದ್ದದ್ದು ಅವನದೊಂದೇ ಸಾಬರ ಮನೆ. ದೇವರು ಮಾತ್ರ ಇಡೀ ಊರಿಗೆ.

ಸಬ್ ಇನ್‌ಸ್ಪೆಕ್ಟರು ಸಿದ್ದಕ್ಕನ ಮಗ ಮುತ್ತಣ್ಣನ ಕೊರಳಿಗೆ ಕೈ ಹಾಕಿ ಕೆಂಪು ದಾರ ಎಳೆದ.

"ಇದನ್ನ ಯಾರು ಕಟ್ಟಿದ್ದು?"

ಸಿದ್ದಕ್ಕನಿಗೆ ಈಗ ದಾರಿ ಸಿಕ್ಕಿದಂತಾಯಿತು. ನಿಜ ಹೇಳಿದರೆ ಸಾಹೇಬನಿಗೂ ತಿಳಿದೀತು ಎಂದುಕೊಂಡಳು.

"ಲಾಡಿರಿ ಅದು. ಲಾಲಸಾಬ ಕಾಕಾ ಕಟ್ಯಾರ. ಹುಟ್ಟಿದಾಗ ಮಲಿ ಹಿಡೀಲಿಲ್ರಿ ಇವ, ಅಲಾಯಿಗಿ ಹರಕಿ ಹೊತ್ತೆ. ಪ್ರತಿ ವರ್ಷ ಅವರೇ ಕಟ್ತಾರ್ರಿ. ಅವರ ಕೈಯಾಗ ಬದುಕ್ಯಾನ್ರಿ."

"ಪ್ರತಿ ವರ್ಷ. ಹುಟ್ಟಿದಾಗಿಂದ." ಅವನು ಆಂಜಿನಪ್ಪನ ಕಡೆ ನೋಡಿದ. "ಮತಾಂತರ. ಸಾಕ್ಷೀನೂ ತಾಯೀನೇ. ಆ ಮುದಿ ಸೂಳೆಮಗನ್ನ ಜೀಪಿಗೆ ಹತ್ಸ್ರೋ."

ಲಾಲಸಾಬನನ್ನು ಅಂಗಿಯ ಕಾಲರು ಹಿಡಿದು ಎಳೆದೊಯ್ದರು. ಅವನ ಮೊಮ್ಮಗ ಕಾಶೀಂ ಜೀಪಿನ ಹಿಂದೆ ರಸ್ತೆಯ ತನಕ ಓಡಿ, ತಿರುಗಿ, ಸಿದ್ದಕ್ಕನನ್ನು ನೋಡಿದ. ಅವಳು ಪೊರಕೆ ಬಿಟ್ಟು ಮೂಲೆಯ ಶೆಡ್ಡಿನ ಕಡೆ ಬಂದಳು.

ಪೇದೆ ಅದರ ಬಾಗಿಲಿಗೆ ಬೀಗ ಜಡಿದು, ಬೀಗದ ಮೇಲೆ ಬಟ್ಟೆ ಸುತ್ತಿ ಅರಗು ಸುರಿದ.

"ಸಾಹೇಬ್ರ, ದೇವ್ರು ಕುಂತಾವ್ರಿ. ನಾಡಿದ್ದ ನೀರಿಗಿ ಹೋಗಬೇಕು. ಅಲ್ಲೀತನ ಬಾಗಲಾ ಹಾಕಬಾರದ್ರಿ."

"ಉಗ್ರರು ಮೊಟ್ಟೆ ಇಡೋದು ಇಂಥ ಶೆಡ್ಡಲ್ಲೇ ಕಣಮ್ಮ. ಮುಚ್ಚಿದ್ರೆ ಮರಿ ಆಗಲ್ಲ," ಎಂದ ಸಬ್ ಇನ್‌ಸ್ಪೆಕ್ಟರು.

ಆ ಸಲ ದೇವರು ನೀರಿಗೆ ಹೋಗಲಿಲ್ಲ. ಅದಾದ ಮೇಲಷ್ಟೇ ಬಿಚ್ಚಬೇಕಾದ ಮುತ್ತಣ್ಣನ ಕೊರಳ ಲಾಡಿಯೂ ಇಳಿಯಲಿಲ್ಲ. ಸ್ಟೇಷನ್ನಿನಿಂದ ಲಾಲಸಾಬ ಒಂದು ಕಾಲು ಎಳೆದುಕೊಂಡು ಬಂದ, ಊರಿನ ರೈಲು ಹತ್ತಿದ.

ಮೊದಲು ಸಂಜೆಯಾದರೆ ಹುಡುಗರೆಲ್ಲ ಆ ಶೆಡ್ಡಿನ ಮುಂದೆ ಹಲಗೆ ಬಡಿಯುತ್ತ, ಒಬ್ಬರ ಬೀಡಿ ಇನ್ನೊಬ್ಬರು ಕಸಿಯುತ್ತ ಬಿದ್ದಿರುತ್ತಿದ್ದರು. ಈಗ ಅಲ್ಲಿ ಕುಳಿತರೆ ಬೀಟ್ ಪೊಲೀಸು ಬರುತ್ತಿದ್ದ. ಕಾಶೀಂ ಕೋಣೆಯಿಂದ ಹೊರಬರುವುದನ್ನೇ ಬಿಟ್ಟ. ಬೈಕಿನಲ್ಲಿ ಯಾರೋ ಬಂದು ಅವನೊಡನೆ ಬಾಗಿಲು ಹಾಕಿಕೊಂಡು ಮಾತಾಡಿ ಹೋಗುತ್ತಿದ್ದರು. ಸಿದ್ದಕ್ಕ ಒಂದು ದಿನ ರೊಟ್ಟಿ ಒಯ್ದಳು.

"ಬ್ಯಾಡ."

"ನಮ್ಮ ಮ್ಯಾಲ ಸಿಟ್ಟೇನಪಾ?"

"ಹಸ್ತಕ್ಕ ಬಗ್ಗೋದೇ ಪಾಪಂತ. ನಮ್ಮಜ್ಜಗ ಗೊತ್ತಿರಲಿಲ್ಲ. ನಿಮ್ಮ ಕೂಡ ಬೆರತು ಕೆಟ್ಟ." ಕಾಶೀಂ ಮೊಬೈಲಿನಿಂದ ಕಣ್ಣೆತ್ತಲಿಲ್ಲ. "ನಿನ್ನ ಬಾಯಿಂದ ಕಾಲು ಕಳಕೊಂಡ."

ಮುತ್ತಣ್ಣ ಆಂಜಿನಪ್ಪನ ಕಾರ್ ಶೆಡ್ಡಿಗೆ ಹೋಗತೊಡಗಿದ್ದ. ಅದು ಸಿದ್ದಕ್ಕನಿಗೆ ತಿಳಿದದ್ದು ಆಂಜಿನಪ್ಪನ ಮನೆಯ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ. ಕುರ್ಚಿಗಳ ಮೇಲೆ ಪಟ್ಟಂದೂರು ಅಗ್ರಹಾರದ ಹುಡುಗರು. ನಡುವೆ ನಿಂತಿದ್ದ ತನ್ನ ಮಗ.

"ಬಿಚ್ಚಾಕಲಾ ಆ ದಾರಾನ," ಅಂದ ಆಂಜಿನಪ್ಪ.

"ದೇವ್ರು ನೀರಿಗಿ ಹೋಗಿಲ್ಲಣ್ಣ."

"ಇನ್ನೆಲ್ಲಿಗೂ ಓಗಲ್ಲ ಅದು. ಇಲ್ಲಿ ಬಾ." ಕತ್ತರಿಯಿಂದ ಅವನೇ ಕತ್ತರಿಸಿದ. ಕೇಸರಿ ಶಾಲು ಹೊದಿಸಿದ. "ಈಗ ನೋಡು, ನಮ್ಮೋನು."

ಆಮೇಲೆ ಊಟ ಬಂತು. ಕುರ್ಚಿಯವರಿಗೆ ಸ್ಟೀಲ್ ತಟ್ಟೆ. ಮುತ್ತಣ್ಣನಿಗೆ ಪೇಪರ್ ತಟ್ಟೆ, ಗೇಟಿನ ಹತ್ತಿರ, ನಾಯಿ ಕಟ್ಟುವ ಕಂಬದ ಪಕ್ಕ.

ಸಿದ್ದಕ್ಕ ಸೋಪಿನ ಕೈಯಲ್ಲೇ ಎದ್ದು ಬಂದಳು.

"ಗೌಡ್ರ, ನನ್ನ ಮಗನ್ನ ನಿಮ್ಮ ಗುಡಿ ಒಳಗ ಬಿಡ್ತೀರೇನ್ರಿ?"

ಅಗಿಯುತ್ತಿದ್ದವರು ನಿಲ್ಲಿಸಿದರು. ಆಂಜಿನಪ್ಪ ಬೆರಳು ನೆಕ್ಕಿಕೊಂಡ.

"ಮೊದ್ಲು ಒಂದು ಕೆಲ್ಸ ಮಾಡ್ಲಿ. ಆಮ್ಯಾಕೆ ನೋಡವ."

"ಏನ್ ಕೆಲಸ್ರಿ?"

"ನೀನು ಪಾತ್ರೆ ತಿಕ್ಕೋಗಮ್ಮಿ."

ಮುತ್ತಣ್ಣ ತಲೆ ಬಗ್ಗಿಸಿ ಉಣ್ಣುತ್ತಿದ್ದ.

ಮನೆಗೆ ಬಂದ ಮೇಲೆ, ತಂದಿದ್ದ ಕಬ್ಬಿಣದ ರಾಡನ್ನು ಗೋಡೆಗೆ ಒರಗಿಸುತ್ತ ಅವನೇ ಹೇಳಿದ. "ನಾಳಿ ಕಾಶೀಂನ ಕೋಣಿಗಿ ಹೋಗೋದದ. ಬರೇ ಅಂಜಿಸಾಕ."

"ಅಂಜಿಸಾಕ ರಾಡ್ ಯಾಕಲೇ?"

"ಅವನ ಹಂತೇಕೂ ಏನೇನೋ ಅದ ಅಂತಾರವ್ವಾ."

"ಯಾರಂತಾರ? ಒಂದೇ ಬುತ್ತ್ಯಾಗ ಉಂಡೀರಿ ಭಾಡ್ಯಾ, ಹೋಗಿ ಕೇಳಬಾರದಾ?"

"ಎಲ್ಲಿ ಕೂತು ಕೇಳಲಿ?" ಅಂದ ಮುತ್ತಣ್ಣ. ಸಿದ್ದಕ್ಕನ ಕಣ್ಣು ಬೀಗ ಬಿದ್ದ ಮೂಲೆಯ ಶೆಡ್ಡಿನ ಕಡೆ ಹೋಯಿತು.

ಮರುದಿನ ರಜೆ. ಊಟದ ಹೊತ್ತಿಗೆ ಕಾರ್ ಶೆಡ್ಡಿನ ಮುಂದೆ ಬೈಕುಗಳು ಸೇರಿದವು. ಸಿದ್ದಕ್ಕ ಮಗನ ಕೈ ಹಿಡಿದಳು, ಕೊಡವಿದ. ಕಾಶೀಂನ ಕೋಣೆಯ ಬಾಗಿಲು ಬಡಿದಳು, ತೆರೆಯಲಿಲ್ಲ. ಒಳಗೆ ಕಬ್ಬಿಣದ ಸದ್ದಾಯಿತು. ಸ್ಟೇಷನ್ನಿಗೆ ಹೋಗಬಹುದಿತ್ತು. ಆ ಪೊಲೀಸರಿಗೆ ಒಮ್ಮೆ ನಿಜ ಹೇಳಿ ಆಗಿತ್ತು.

ಅವಳು ನೆಲ ಅಗೆಯುವ ಹಾರೆ ತೆಗೆದುಕೊಂಡು ಮೂಲೆಯ ಶೆಡ್ಡಿಗೆ ನಡೆದಳು. ಬೀಗಕ್ಕೆ ಹೊಡೆದಳು. ತಗಡು ಇಡೀ ಸಾಲಿಗೆ ಕೇಳುವಂತೆ ಒದರಿತು. ಮತ್ತೆ ಹೊಡೆದಳು. ಅರಗು ಪುಡಿಯಾಗಿ ಕಾಲ ಮೇಲೆ ಬಿತ್ತು.

"ಸರಕಾರದ ಸೀಲ್ ಒಡದೀನಿ. ಮಾದರ ಸಿದ್ದಕ್ಕ ಒಡದೀನಿ. ಯಾರ್ಯಾರು ಬರ್ತೀರಿ, ಇಲ್ಲಿಗಿ ಬರ್ರಿ."

ಕಾಶೀಂನ ಕೋಣೆಯತ್ತ ಹೊರಟಿದ್ದ ಬೈಕುಗಳು ಈ ಕಡೆ ತಿರುಗಿದವು. ಕೋಣೆಯ ಬಾಗಿಲೂ ತೆರೆಯಿತು. ಕಾಶೀಂ ಬರಿಗಾಲಲ್ಲಿ ಓಡಿಬಂದ, ಕೈಯಲ್ಲಿ ಗೌಂಡಿಯ ಸುತ್ತಿಗೆ. ಅವಳ ಹಿಂದೆ ಶೆಡ್ಡಿನೊಳಗೆ ಕಪ್ಪಾದ ಹೂವಿನ ನಡುವೆ ಹಸ್ತಗಳು ನಿಂತೇ ಇದ್ದವು.

"ಮುತ್ತಾ," ಎಂದ ಆಂಜಿನಪ್ಪ, "ನಿಮ್ಮವ್ವನ್ನ ಪಕ್ಕಕ್ಕೆ ಎಳ್ದಾಕು. ಒಳಗಿರೋದ್ನ ಒಡ್ದಾಕು. ಇದೇ ಕಣ್ಲಾ ಕೆಲ್ಸ."

ಮುತ್ತಣ್ಣ ರಾಡು ಹಿಡಿದು ಮುಂದೆ ಬಂದ. ಕಾಶೀಂ ಇನ್ನೊಂದು ಕಡೆಯಿಂದ ಬಂದ. ಸಿದ್ದಕ್ಕ ಹಾರೆ ಬಿಟ್ಟಳು. ಬಾಗಿಲು ಬಿಡಲಿಲ್ಲ.

"ಮುತ್ತೂ, ಬೂಟ್ ಕಳದು ಬಾ ಒಳಗ."

ಮುತ್ತಣ್ಣ ಬಗ್ಗಿದ. ಎಡಗೈಯಲ್ಲಿ ಬೂಟಿನ ಲೇಸು ಎಳೆದ. ಸಿಮೆಂಟು ಕುಡಿದು ಗಟ್ಟಿಯಾದ ಗಂಟು, ಒಂದು ಕೈಗೆ ಬಿಚ್ಚಿಕೊಳ್ಳುತ್ತಿರಲಿಲ್ಲ. ಬಲಗೈಯ ರಾಡನ್ನು ಅವನು ಕೆಳಗಿಡಲಿಲ್ಲ.