ಎರಡು ಹಾಡುಗಳ ನಡುವಿನ ಪ್ರವಚನ

ನಮ್ಮ ಬ್ಯಾಂಡಿನ ಹಾಡುಗಾರ ಕುಡಿಯುವುದನ್ನು ಬಿಟ್ಟ ದಿನದಿಂದ ನಮ್ಮೆಲ್ಲರ ನೆಮ್ಮದಿ ಹಾಳಾಯಿತು. ಕುಡಿಯುತ್ತಿದ್ದ ಕಾಲದಲ್ಲಿ ಅವನಿಗೆ ಪೀಪಾಯಿ ಎಂದು ಹೆಸರು. ಆಗ ಅವನು ವೇದಿಕೆಯಿಂದ ಬೀಳುತ್ತಿದ್ದ, ಮೈಕಿನ ವೈರನ್ನು ಕಾಲಿಗೆ ಸುತ್ತಿಕೊಂಡು ನನ್ನ ಡ್ರಮ್ಮಿನ ಮೇಲೆ ಉರುಳುತ್ತಿದ್ದ, ಒಂದು ಸಲವಂತೂ ಬೇರೆ ಬ್ಯಾಂಡಿನ ಹಾಡನ್ನು ನಮ್ಮದೆಂದು ಪೂರ್ತಿ ಹಾಡಿ ಚಪ್ಪಾಳೆ ಗಿಟ್ಟಿಸಿದ್ದ. ಆದರೂ ಸಹಿಸಬಹುದಿತ್ತು. ಬಿದ್ದವನನ್ನು ರಟ್ಟೆ ಹಿಡಿದು ಎತ್ತಿ ಮನೆಗೆ ಕಳಿಸಿದರೆ ಮುಗಿಯಿತು. ಎದ್ದು ನಿಂತು ಉಪದೇಶ ಮಾಡುವವನನ್ನು ಯಾವ ಮನೆಗೆ ಕಳಿಸುವುದು? ಈಗ ಅವನ ಹೆಸರು ಪ್ರವಚನ.

ನಮ್ಮದು ಪಂಕ್ ಸಂಗೀತ. ಕೇಳಿ ಗೊತ್ತಿಲ್ಲದವರಿಗೆ ಹೇಳುವುದಾದರೆ, ಮೂರೇ ಸ್ವರ, ಒಂದೂವರೆ ನಿಮಿಷ, ಗಂಟಲು ಹರಿಯುವಷ್ಟು ಕೂಗಾಟ. ಎಲ್ಲ ಹಾಡುಗಳ ತಾತ್ಪರ್ಯವೂ ಒಂದೇ: ನಮಗೆ ಬುದ್ಧಿ ಹೇಳಲು ಬರಬೇಡಿ. ಅಪ್ಪನ ಬುದ್ಧಿಮಾತು, ಮೇಷ್ಟ್ರ ಬುದ್ಧಿಮಾತು, ಮ್ಯಾನೇಜರನ ಬುದ್ಧಿಮಾತು ಕೇಳಿ ಕೇಳಿ ಕಿವಿ ತೂತಾದವರು ಟಿಕೆಟ್ ಕೊಂಡು ಬರುವುದೇ ಅದಕ್ಕಾಗಿ. ಅಂಥವರ ಮುಂದೆ ನಮ್ಮವನು ಪ್ರತಿ ಹಾಡು ಮುಗಿದ ಮೇಲೂ ಲಿವರ್ ಬಗ್ಗೆ ಮಾತಾಡುತ್ತಾನೆ. ಹಾಡು ಒಂದೂವರೆ ನಿಮಿಷವಾದರೆ ಲಿವರ್ ಐದು ನಿಮಿಷ.

ಹಗಲು ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ಆ ಕಾರಿನಲ್ಲಿ ಕಲಿಸುವವನ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ಓಡಿಸುವವರು ಯಾರೇ ಆಗಲಿ, ನಿಲ್ಲಿಸುವುದು ಅವನ ಹಕ್ಕು. ಕಾರಿನಿಂದ ಇಳಿದ ಮೇಲೂ ಆ ಚಟ ಬಿಟ್ಟಿಲ್ಲ. ನಾವು ಅಭ್ಯಾಸ ಮಾಡುವುದೂ ಆ ಸ್ಕೂಲಿನ ಪಾಠದ ಕೋಣೆಯಲ್ಲೇ. ಗೋಡೆಯ ತುಂಬ ಪ್ರವೇಶವಿಲ್ಲ, ಎಡಕ್ಕೆ ತಿರುಗಬೇಡಿ, ಹಾರ್ನ್ ಮಾಡಬೇಡಿ ಎನ್ನುವ ಕೆಂಪು ಚಿತ್ರಗಳು. ಹಾರ್ನ್ ಮಾಡಬೇಡಿ ಎನ್ನುವ ಚಿತ್ರದ ಕೆಳಗೆ ನನ್ನ ಡ್ರಮ್ಮು.

ಡ್ರಮ್ಮು ನಾನು ಬಾರಿಸುವುದು. ಹೊಟ್ಟೆಪಾಡಿಗೆ ಒಂದು ಹೊಲಿಗೆ ಅಂಗಡಿ ಇದೆ: ಜಿಪ್ ಬದಲಿಸುವುದು, ಪ್ಯಾಂಟಿನ ಕಾಲು ಮಡಚಿ ಹೊಲಿಯುವುದು, ಮುಖ್ಯವಾಗಿ ಗಂಡಸರ ಪ್ಯಾಂಟಿನ ಸೊಂಟ ಸಡಿಲ ಮಾಡುವುದು. ಎಲ್ಲರೂ ಬಂದು ಬಟ್ಟೆ ಒಗೆದಾಗ ಕುಗ್ಗಿತು ಎನ್ನುತ್ತಾರೆ, ನಾನೂ ಹೌದೌದು ಎನ್ನುತ್ತೇನೆ. ಆಗೊಮ್ಮೆ ಈಗೊಮ್ಮೆ ಒಂದು ಗ್ಲಾಸ್ ಬಿಯರ್ ಕುಡಿಯುತ್ತೇನೆ, ಆದ್ದರಿಂದ ಪ್ರವಚನನ ಪ್ರಕಾರ ನಾನು ಪಾತಾಳದ ಮೆಟ್ಟಿಲಿಳಿಯುತ್ತಿದ್ದೇನೆ. ಗಿಟಾರಿಗೆ ಒಬ್ಬ ಔಷಧಿ ಅಂಗಡಿಯವನಿದ್ದಾನೆ, ಯಾರು ಏನು ಹೇಳಿದರೂ ತಲೆಯಾಡಿಸುವ ಸಾಧು ಪ್ರಾಣಿ. ದಪ್ಪ ತಂತಿಯ ಬೇಸ್ ಗಿಟಾರ್ ನನ್ನ ಗಂಡನದು.

ಗಂಡನ ಕೆಲಸ ಲಿಫ್ಟ್ ರಿಪೇರಿ. ಇಡೀ ದಿನ ಕತ್ತಲ ಕೊಳವೆಯಲ್ಲಿ ನೇತಾಡಿಕೊಂಡು ಹಗ್ಗಕ್ಕೆ ಗ್ರೀಸು ಹಚ್ಚುವವನು. ಮಾತು ಮೊದಲೇ ಕಡಿಮೆ, ಮೈಕಿನ ಮುಂದಂತೂ ಇಲ್ಲವೇ ಇಲ್ಲ. ಕಾರ್ಯಕ್ರಮ ನಡೆಯುವಾಗ ಅವನ ಪಕ್ಕದ ಸ್ಪೀಕರ್ ಪೆಟ್ಟಿಗೆಯ ಮೇಲೆ ನೊರೆಯುಕ್ಕುವ ಒಂದು ಬಿಯರ್ ಮಗ್ ಯಾವಾಗಲೂ ಇರುತ್ತದೆ. ಅದು ಬಿಯರ್ ಅಲ್ಲ, ಆಪಲ್ ಜ್ಯೂಸಿಗೆ ಸೋಡಾ ಬೆರೆಸಿದ್ದು. ಈ ಸಂಗತಿ ಗೊತ್ತಿದ್ದದ್ದು ನನಗೆ ಮತ್ತು ನಾವು ಹಾಡುವ ಬಾರಿನ ಒಡತಿಗೆ ಮಾತ್ರ, ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ಅಕ್ಕನೇ ಅದನ್ನು ಎತ್ತರದಿಂದ ಸುರಿದು ನೊರೆ ಬರಿಸಿ, ಎಲ್ಲರಿಗೂ ಕೊಡುವಂಥ ಮಗ್ಗಿನಲ್ಲೇ ಕೊಡುತ್ತಿದ್ದಳು. ನನ್ನ ಗಂಡ ಕುಡಿತ ಬಿಟ್ಟು ವರ್ಷಗಳಾಗಿದ್ದವು.

ಗುಟ್ಟು ಯಾಕೆ ಎಂದರೆ, ಅವನು ಮೊದಲ ಸಲ ಬಿಟ್ಟಾಗ ಗುಟ್ಟು ಮಾಡಿರಲಿಲ್ಲ. ಎಲ್ಲರಿಗೂ ಹೇಳಿಬಿಟ್ಟಿದ್ದ. ಹೇಳಿದ್ದೇ ತಡ, ಜನ ಅವನನ್ನು ಗಾಜಿನ ಪಾತ್ರೆಯಂತೆ ಎತ್ತಿಕೊಂಡು ಓಡಾಡತೊಡಗಿದರು. ಕಚೇರಿಯಲ್ಲಿ ಕೇಕ್ ಕತ್ತರಿಸಿ ಚಪ್ಪಾಳೆ ತಟ್ಟಿದರು. ನನ್ನ ಅಮ್ಮ ಅಳಿಯನನ್ನು ಮಾತಾಡಿಸುವ ನೆಪದಲ್ಲಿ ಹತ್ತಿರ ಬಂದು ಉಸಿರು ಮೂಸುತ್ತಿದ್ದಳು. ನನ್ನ ಭಾವ, ಅಂದರೆ ಅವನ ಅಣ್ಣ, ದಿನವೂ ಫೋನ್ ಮಾಡಿ ಇವತ್ತು ಹೇಗಿದ್ದೀಯ ಎಂದು ಕೇಳುತ್ತಿದ್ದರು, ಅದೂ ಕೇಳಿದವನಿಗೆ ಜ್ವರ ಬರಿಸುವಂಥ ಧ್ವನಿಯಲ್ಲಿ. ಮೆಚ್ಚುಗೆಯೂ ಕಾವಲೂ ಒಟ್ಟಿಗೇ ನಡೆದವು. ಕೊನೆಗೊಂದು ದಿನ ಅವನು ಬಾರಿಗೆ ಹೋಗಿ ಕೂತು ಎದ್ದೇಳಲೇ ಇಲ್ಲ. ಕುಡಿಯಬೇಕು ಅನ್ನಿಸಿ ಹೋಗಿದ್ದಲ್ಲ, ಎಲ್ಲರೂ ನೋಡುತ್ತಿರುವುದು ನಿಲ್ಲಲಿ ಅಂತ ಹೋದೆ ಎಂದು ಆಮೇಲೆ ಹೇಳಿದ. ಆ ವರ್ಷ ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಎರಡನೆಯ ಸಲ ಬಿಟ್ಟಾಗ ನನಗೆ ಹೇಳಿದ, ಅಕ್ಕನಿಗೆ ಹೇಳಿದ, ಬಾಯಿ ಹೊಲಿದುಕೊಂಡ. ಆ ಸಲ ಕುಡಿತ ನಿಂತೇಹೋಯಿತು.

ಇತ್ತ ಪ್ರವಚನನಿಗೆ ಇಂಟು ಮಾರ್ಕಿನ ಹುಚ್ಚು ಹಿಡಿಯಿತು. ಅಕ್ಕನ ಬಾರು ನೆಲಮಾಳಿಗೆಯಲ್ಲಿದೆ, ಮೇಲೆ ಬೀಗ ರಿಪೇರಿ ಅಂಗಡಿ, ಕೆಳಗೆ ನಾವು. ಕುಡಿಯುವ ವಯಸ್ಸಾಗದವರು ಹಾಡು ಕೇಳಲು ಬಂದರೆ ಬಾಗಿಲಲ್ಲೇ ಕೈಯ ಹಿಂಭಾಗಕ್ಕೆ ಕಪ್ಪು ಪೆನ್ನಿನಲ್ಲಿ ಇಂಟು ಹಾಕುವುದು ಅಲ್ಲಿನ ಪದ್ಧತಿ. ಇಂಟು ಕಂಡರೆ ಕೌಂಟರಿನಲ್ಲಿ ಕೊಡುವುದು ಸೋಡಾ ಮಾತ್ರ. ಕುಡಿಯುವುದಿಲ್ಲವೆಂದು ಪಣ ತೊಟ್ಟ ಪಂಕ್ ಹುಡುಗರು ದೊಡ್ಡವರಾದ ಮೇಲೂ ಅದೇ ಗುರುತನ್ನು ಹೆಮ್ಮೆಯಿಂದ ತಾವೇ ಹಾಕಿಕೊಳ್ಳುವುದುಂಟು. ಅದರಲ್ಲಿ ತಪ್ಪೇನಿಲ್ಲ, ಅವರ ಕೈ ಅವರ ಪೆನ್ನು. ಆದರೆ ನಮ್ಮವನಿಗೆ ತನ್ನ ಕೈಯೊಂದು ಸಾಲಲಿಲ್ಲ.

ಒಂದು ಭಾನುವಾರ ಅವನು ಬಾಗಿಲಲ್ಲಿ ತಾನೇ ನಿಂತು, ಒಳಗೆ ಬಂದ ಪ್ರತಿಯೊಬ್ಬರ ಕೈ ಹಿಡಿದು ಆಶೀರ್ವಾದ ಮಾಡುವವನಂತೆ ಇಂಟು ಹಾಕಿದ. ಟಿಕೆಟ್ ಮುದ್ರೆ ಇರಬೇಕೆಂದು ಜನ ಕೈ ಚಾಚಿದರು. ಒಳಗೆ ಕೌಂಟರಿನಲ್ಲಿ ಆ ದಿನವೇ ಹೊಸದಾಗಿ ಸೇರಿದ ಕೆಲಸದವಳಿದ್ದಳು, ನಿಯಮಕ್ಕೆ ಕಟ್ಟುಬಿದ್ದವಳು. ನರೆತ ಗಡ್ಡದವನಿಗೂ ಸೋಡಾ ಕೊಟ್ಟಳು. ಮೊಮ್ಮಕ್ಕಳಿದ್ದಾರೆ ಕಣಮ್ಮ ಎಂದು ಗೋಗರೆದವನಿಗೆ ಇನ್ನೊಂದು ಸೋಡಾ ಕೊಟ್ಟಳು. ಶೌಚಾಲಯದಲ್ಲಿ ಸೋಪು ಖಾಲಿಯಾಯಿತು, ಅಷ್ಟೊಂದು ಗಂಡಸರು ಒಟ್ಟಿಗೆ ಕೈ ತೊಳೆದದ್ದನ್ನು ಆ ಕಟ್ಟಡ ಕಂಡಿರಲಿಲ್ಲ. ಪೆನ್ನಿನ ಶಾಯಿ ಜಪ್ಪಯ್ಯ ಅಂದರೂ ಹೋಗಲಿಲ್ಲ. ಎರಡನೆಯ ಹಾಡಿಗೇ ಅರ್ಧ ಸಭೆ ಎದ್ದು ಪಕ್ಕದ ಬೀದಿಯ ಬಾರಿಗೆ ಹೋಯಿತು. ಪ್ರವಚನ ಮಾತ್ರ ವೇದಿಕೆಯ ಮೇಲಿಂದ ಎಲ್ಲ ಕೈಗಳನ್ನೂ ನೋಡಿ ಕಣ್ಣು ಒದ್ದೆ ಮಾಡಿಕೊಂಡ.

ಅಕ್ಕ ಕೂಗಾಡುವವಳಲ್ಲ. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತ, ಬಿಯರ್ ಮಾರಿದರೆ ಮಾತ್ರ ಈ ಜಾಗ ಉಳಿಯುತ್ತದೆ, ನಿಮ್ಮ ಹಾಡನ್ನು ಮಾರಲು ನಾನೂ ನೋಡಿದ್ದೇನೆ, ಆಗಲಿಲ್ಲ ಎಂದಳು. ಪ್ರವಚನ ಅವಳಿಗೂ ಲಿವರ್ ವಿವರಿಸಲು ಹೋದ. ಅಕ್ಕ ಅವನ ಕೈಗೆ ಒಂದು ಕುರ್ಚಿ ಕೊಟ್ಟು ಎತ್ತಿಡು ಎಂದಳು.

ಜನರ ಕೈ ತಪ್ಪಿಹೋದ ಮೇಲೆ ಅವನ ಕಣ್ಣು ನಮ್ಮ ಕೈಗಳ ಮೇಲೆ ಬಿತ್ತು. ಮುಂದಿನ ಅಭ್ಯಾಸದ ದಿನ ಪಾಠದ ಕೋಣೆಗೆ ಪೆನ್ನು ಹಿಡಿದು ಬಂದ. ಬ್ಯಾಂಡು ಅಂದಮೇಲೆ ನಾಲ್ಕು ಕೈಯಲ್ಲೂ ಗುರುತು ಇರಬೇಕಂತೆ. ಔಷಧಿ ಅಂಗಡಿಯವನು ತಲೆಯಾಡಿಸಿ ಕೈ ಕೊಟ್ಟ. ನಾನು ಕೈ ಕೊಡಲಿಲ್ಲ, ಡ್ರಮ್ಮಿನ ಕಡ್ಡಿ ತೋರಿಸಿದೆ. ಅವನಿಗೆ ನನ್ನಿಂದ ಹೆಚ್ಚಿನ ನಿರೀಕ್ಷೆಯೂ ಇರಲಿಲ್ಲ. ಸಂಕಟವೆಲ್ಲ ನನ್ನ ಗಂಡನ ಮಗ್ಗಿನ ಬಗ್ಗೆ.

"ನಾನು ಕುಡಿಬೇಡ ಅಂತ ಹೇಳ್ತಿರ್ತೀನಿ, ನೀನು ಪಕ್ಕದಲ್ಲೇ ನಿಂತ್ಕೊಂಡು ಹೀರ್ತಿರ್ತೀಯ. ಜನ ಏನಂದ್ಕೋಬೇಕು?"

"ನನ್ನ ಕೈ, ನನ್ನ ಗ್ಲಾಸು," ಎಂದು ಗಂಡ ಗಿಟಾರಿನ ತಂತಿ ಬಿಗಿಸುತ್ತಲೇ ಇದ್ದ.

ಹಾಗಾದರೆ ಬರುವ ಭಾನುವಾರವೇ ನಿನ್ನ ಕೊನೆಯ ಕಾರ್ಯಕ್ರಮ ಎಂದ ಪ್ರವಚನ. ನನಗೆ ಮೈಯೆಲ್ಲ ಉರಿಯಿತು. ನಿನಗಿಂತ ಮೊದಲೇ ಬಿಟ್ಟವನು ಇವನು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಗಂಡ ನನ್ನತ್ತ ನೋಡಿದ, ನಾನು ನುಂಗಿಕೊಂಡೆ. ಮನೆಗೆ ಹೋಗುವಾಗ, ಕುಡುಕ ಅಂತ ಬ್ಯಾಂಡಿನಿಂದ ಹೊರಗೆ ಹಾಕಿದರೂ ಪರವಾಗಿಲ್ಲವೇ ಎಂದು ಕೇಳಿದೆ. ಅದು ತಡೆದುಕೊಳ್ಳಬಹುದು, ಇನ್ನೊಂದು ಸಲ ಕೇಕ್ ಕತ್ತರಿಸಿದರೆ ತಡೆದುಕೊಳ್ಳಲಾರೆ ಎಂದ. ನನಗಿದ್ದ ಹೆದರಿಕೆಯೂ ಅದೊಂದೇ.

ಭಾನುವಾರ ಮಧ್ಯಾಹ್ನ ಅಕ್ಕನ ಬಾರು ಕಿಕ್ಕಿರಿದಿತ್ತು. ಪ್ರವಚನನ ಪೆನ್ನನ್ನು ಅಕ್ಕ ಬಾಗಿಲಲ್ಲೇ ಕಸಿದುಕೊಂಡಿದ್ದಳು ಎನ್ನುವ ಸುದ್ದಿ ಹರಡಿ, ಹೋದವರೆಲ್ಲ ಮರಳಿ ಬಂದಿದ್ದರು. ಸ್ಪೀಕರ್ ಪೆಟ್ಟಿಗೆಯ ಮೇಲೆ ಮಗ್ಗು ತನ್ನ ಜಾಗದಲ್ಲಿತ್ತು. ಎರಡು ಹಾಡಾದ ಮೇಲೆ ಪ್ರವಚನ ಮೈಕು ಹಿಡಿದು, ಇವತ್ತು ಲಿವರ್ ಬೇಡ, ನಮ್ಮ ಮನೆಯೊಳಗಿನ ಮಾತು ಆಡೋಣ ಎಂದು ಶುರುಮಾಡಿದ. ಕಾರು ತೊಳೆಯುವ ಹಳದಿ ಬಕೆಟ್ಟೊಂದನ್ನು ವೇದಿಕೆಯ ನಡುವೆ ಇಟ್ಟ. ನೇರವಾಗಿ ಹೋಗಿ ನನ್ನ ಗಂಡನ ಮಗ್ಗನ್ನು ಎತ್ತಿ ಎಲ್ಲರಿಗೂ ತೋರಿಸಿದ. ನನ್ನ ತಮ್ಮನಂಥವನ ಕೈಯಿಂದ ಈ ವಿಷವನ್ನು ಇವತ್ತು ನಾನೇ ಚೆಲ್ಲುತ್ತೇನೆ ಎಂದ. ಬಗ್ಗಿಸುವಾಗ ಮೂಗು ಹತ್ತಿರವಾಯಿತು. ನಿಂತ. ಇನ್ನೊಮ್ಮೆ ಮೂಸಿದ. ಆಮೇಲೆ ಒಂದು ಗುಟುಕು ಕುಡಿದ.

"ಇದು ಆಪಲ್ ಜ್ಯೂಸು," ಎಂದ ಮೈಕಿನಲ್ಲಿ.

ಇನ್ನು ಯಾರಾದರೂ ಆಗಿದ್ದರೆ ನಾಚಿಕೆಯಿಂದ ಮಗ್ಗನ್ನು ಅಲ್ಲೇ ಇಟ್ಟು ಸುಮ್ಮನಾಗುತ್ತಿದ್ದರು. ಆದರೆ ಇವನ ಜಾತಿಯವರಿಗೆ ಇನ್ನೊಬ್ಬರ ಗುಟ್ಟು ಸಿಕ್ಕರೆ ಅದು ಊರಿಗೆಲ್ಲ ಹಂಚಬೇಕಾದ ನಿಧಿ. ಕಣ್ಣಲ್ಲಿ ನೀರು ತಂದುಕೊಂಡು ನನ್ನ ಗಂಡನನ್ನು ಗಿಟಾರಿನ ಸಮೇತ ತಬ್ಬಿಕೊಂಡ. ಇಷ್ಟು ದಿನ ನಮ್ಮ ನಡುವೆಯೇ ಒಬ್ಬ ಮಹಾನುಭಾವ ಮೌನವಾಗಿ ಹೋರಾಡುತ್ತಿದ್ದ, ಇವನ ಕಥೆ ಇವನ ಬಾಯಲ್ಲೇ ಕೇಳೋಣ ಎಂದ. ಜನ ಚಪ್ಪಾಳೆ ತಟ್ಟಿದರು, ನಾಲ್ಕಾರು ಮೊಬೈಲುಗಳು ಮೇಲೆದ್ದವು. ಗಂಡನ ಕಿವಿಗಳು ಕೆಂಪಗಾದವು. ಕೇಕಿನ ದಿನದ ಫೋಟೋದಲ್ಲಿ ಇರುವ ಮುಖ ಅದೇ.

ಅವನು ಜೀವನದಲ್ಲಿ ಮೊದಲ ಸಲ ಮೈಕಿನ ಹತ್ತಿರ ಹೋದ.

"ಅದು ಬಿಯರ್ರೇ. ಇವನಿಗೆ ನೆಗಡಿ ಆಗಿದೆ, ವಾಸನೆ ಗೊತ್ತಾಗ್ತಿಲ್ಲ," ಎಂದು ಮಗ್ಗನ್ನು ಕಸಿದು ಒಂದೇ ಉಸಿರಿಗೆ ಖಾಲಿ ಮಾಡಿ, ಅಂಗೈಯಲ್ಲಿ ಬಾಯಿ ಒರೆಸಿಕೊಂಡ.

ತಾರಸಿ ಹಾರಿಹೋಗುವ ಹಾಗೆ ಜನ ಕೂಗಿದರು. ತಿಂಗಳುಗಟ್ಟಲೆ ಲಿವರ್ ಕೇಳಿ ಬೆಂದವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇರಲಿಲ್ಲ. ಪ್ರವಚನ ತುಟಿ ಚಪ್ಪರಿಸಿ ನೋಡಿಕೊಂಡ. ಜ್ಯೂಸಿನ ರುಚಿ ಅವನ ನಾಲಿಗೆಯ ಮೇಲೆ ಇನ್ನೂ ಇದ್ದಿರಬೇಕು. ನನಗೆ ನಗು ಬಂತು. ಗೆದ್ದೆವು ಎಂದುಕೊಂಡೆ.

ಆಗ ಮುಂದಿನ ಸಾಲಿನ ದಾಂಡಿಗನೊಬ್ಬ ಬಂದು ತನ್ನ ತುಂಬಿದ ಮಗ್ಗನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಇಟ್ಟು, ಇದು ನಿನಗೆ ಎಂದ. ಅವನ ಹಿಂದೆ ಇನ್ನೊಬ್ಬ. ನೋಡನೋಡುತ್ತಿದ್ದಂತೆ ಪೆಟ್ಟಿಗೆಯ ಮೇಲೆ ಒಂದು ಸಾಲು ನಿಂತಿತು, ಎಲ್ಲವೂ ನಿಜವಾದ ಬಿಯರ್, ತಣ್ಣಗೆ ಬೆವರುತ್ತಿದ್ದವು. ಕುಡಿ ಕುಡಿ ಎಂದು ಜನ ತಾಳ ಹಾಕಿದರು. ಈಗಷ್ಟೇ ಕುಡುಕನೆಂದು ಸಾರಿಕೊಂಡವನು ಬೇಡ ಎಂದರೆ ಸುಳ್ಳು ಬಯಲಾಗುತ್ತದೆ, ಬೇಕು ಎಂದರೆ ಮನೆ ಹಾಳಾಗುತ್ತದೆ. ಗಂಡ ಆ ಸಾಲನ್ನೇ ನೋಡುತ್ತ ನಿಂತ. ಅವನ ಬಲಗೈ ತಂತಿ ಬಿಟ್ಟು ಪೆಟ್ಟಿಗೆಯ ಕಡೆಗೆ ಹೊರಟಿತು. ಆ ಮಗ್ಗುಗಳನ್ನು ಎತ್ತಿಕೊಂಡು ಹೋಗಲು ಕೌಂಟರಿನಿಂದ ಅಕ್ಕ ಖಾಲಿ ಟ್ರೇ ಹಿಡಿದು ಹೊರಟಿದ್ದಳು, ಆದರೆ ನಡುವೆ ಇಡೀ ಸಭೆ ಇತ್ತು. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಬೇಸ್ ಗಿಟಾರ್ ನುಡಿಸಲು ಎರಡು ಕೈ ಬೇಕು. ನನಗೆ ಹೊಳೆದದ್ದು ಅಷ್ಟೇ. ಒಂದು ಎರಡು ಎಂದು ಎಣಿಸದೆ, ಹೇಳದೆ, ಮುಂದಿನ ಹಾಡನ್ನು ಬಡಿಯಲು ಶುರುಮಾಡಿದೆ. ಗಂಡ ಬೆಚ್ಚಿಬಿದ್ದ. ಕೈ ತಂತಿಗೆ ಮರಳಿತು. ಔಷಧಿ ಅಂಗಡಿಯವನು ತಲೆಯಾಡಿಸುತ್ತ ಗಿಟಾರಿನಲ್ಲಿ ನಮ್ಮ ಹಿಂದೆ ಓಡಿಬಂದ. ಹಾಡು ಮುಗಿಯುವ ಹೊತ್ತಿಗೆ ನಾನು ಇನ್ನೊಂದರಲ್ಲಿದ್ದೆ, ಅದು ಮುಗಿಯುವ ಮೊದಲೇ ಮತ್ತೊಂದರಲ್ಲಿ. ಎರಡು ಹಾಡುಗಳ ನಡುವೆ ಒಂದು ಗುಟುಕು ನೀರು ಕುಡಿಯುವಷ್ಟೂ ಸಂದು ಬಿಡಲಿಲ್ಲ. ಒಂದು ಸಲ ಪ್ರವಚನ ಮಾತಾಡಲು ಮೈಕಿಗೆ ಬಾಯಿ ಹಚ್ಚಿದ. ಸಾಲಾಗಿ ನಿಂತ ಮಗ್ಗುಗಳನ್ನು ನೋಡಿದ, ನನ್ನ ಗಂಡನ ಮುಖ ನೋಡಿದ, ಆಮೇಲೆ ನನ್ನನ್ನು ನೋಡಿದ. ಕುಡಿತ ಎಂದರೇನೆಂದು ಅವನಿಗೂ ಗೊತ್ತಿತ್ತಲ್ಲ. ಮಾತಾಡದೆ ಹಾಡಿದ.

ಹಾಡುಗಳು ಖಾಲಿಯಾದವು. ನಮ್ಮ ಹತ್ತಿರ ಇದ್ದದ್ದೇ ಅಷ್ಟು. ಅಕ್ಕ ಇನ್ನೂ ಅರ್ಧ ದಾರಿಯಲ್ಲಿದ್ದಳು, ಕುಣಿಯುವವರು ಅವಳ ಟ್ರೇಯನ್ನು ತಲೆಯ ಮೇಲಕ್ಕೆ ಎತ್ತಿಸಿದ್ದರು. ಪ್ರವಚನ ಮೈಕು ಕೆಳಗಿಳಿಸಿ, ಮಗ್ಗುಗಳಿಗೂ ನನ್ನ ಗಂಡನಿಗೂ ನಡುವೆ ಹೋಗಿ ಅಡ್ಡ ನಿಂತ. ಗಂಡ ನನ್ನ ಡ್ರಮ್ಮಿನ ಹತ್ತಿರ ಬಂದು ಬಗ್ಗಿದ. ಬೆರಳುಗಳು ತಂತಿ ಕೊಯ್ದು ಕೆಂಪಾಗಿದ್ದವು.

"ಮಗ್ಗುಗಳು ಇನ್ನೂ ಅಲ್ಲೇ ಇದಾವೆ ಕಣೇ," ಎಂದ. "ಮೊದಲಿಂದ ಇನ್ನೊಂದ್ಸಲ ಬಾರಿಸು."

ನನ್ನ ರಟ್ಟೆಗಳಲ್ಲಿ ಜೀವ ಉಳಿದಿರಲಿಲ್ಲ. ಬಾರಿಸಿದೆ.